ಮಾಳಿಗೆಯ ಬಿಸಿಲು, ಗಾಡಿಯ ನಿದ್ದೆ

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ನನ್ನ ಮೂಗಿನ ಬಟ್ಟಲು ತೊಳೆಯುವುದು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ, ರಬ್ಬರಿನ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ತಿಕ್ಕಿ, ಅದರ ಉದ್ದನೆಯ ಕೊಳವೆಯನ್ನು ಬಚ್ಚಲಿನ ನಲ್ಲಿಗೆ ನೇತುಹಾಕುತ್ತೇನೆ. ಕೊಳವೆಯೊಳಗಿನ ನೀರು ಹನಿಹನಿಯಾಗಿ ಇಳಿದು ಮುಗಿಯುವಷ್ಟರಲ್ಲಿ ಅಂಗಳಕ್ಕೆ ನೀರು, ದೇವರ ಮುಂದೆ ದೀಪ, ಒಲೆಯ ಮೇಲೆ ಚಹಾ ಎಲ್ಲವೂ ಆಗಿರುತ್ತವೆ. ಅಡುಗೆಮನೆಯ ಕಿಟಕಿಯಿಂದ ಬರುವ ಬಿಸಿಲು ಸಿಂಕಿನ ಮೇಲಿನ ಮೂರನೇ ಟೈಲ್ಸಿಗೆ ಬಂತೆಂದರೆ ಏಳೂವರೆ. ಆಗ ಚುರುಮುರಿ ನೆನೆಹಾಕಿ ಸೂಸ್ಲಾಕ್ಕೆ ಈರುಳ್ಳಿ ಹೆಚ್ಚಲು ಕೂರುತ್ತೇನೆ.

ಆ ದಿನವೂ ಇದೆಲ್ಲವನ್ನೂ ಮಾಡಿದೆ. ಆದರೆ ಕೊಳವೆಯನ್ನು ನಲ್ಲಿಗೆ ಹಾಕುವಾಗ ಕೈಗೆ ಉತ್ಸಾಹವಿರಲಿಲ್ಲ. ಬೆಳಗಾಗುವ ಮೊದಲೇ ಯಂತ್ರ ನಿಂತುಹೋಗಿತ್ತು. ನಮ್ಮ ಮನೆಯವರು ಎದ್ದು ಬಂದು, ಅದನ್ನು ಬ್ಯಾಟರಿಯಿಂದ ಬಿಡಿಸಿ ಗೋಡೆಯ ಕರೆಂಟಿಗೆ ಹಚ್ಚಿ, ಹೋಗಿ ಮಲಗಿದ್ದರು. ಮೂರು ದಿನದ ಪರೀಕ್ಷೆ ಮುಗಿದಿತ್ತು, ನಾವು ನಪಾಸಾಗಿದ್ದೆವು.

ಆ ಯಂತ್ರದ ವಿಷಯ ಹೇಳದಿದ್ದರೆ ಇದು ಅರ್ಥವಾಗದು. ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಂತುಬಿಡುತ್ತದೆ. ನನಗೆ ತಿಳಿಯುತ್ತಿರಲಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತಿತ್ತು. ಡಾಕ್ಟರು ಒಂದು ರಾತ್ರಿ ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿ ನೋಡಿ, ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಬರೆದುಕೊಟ್ಟರು. ಮೂಗಿನ ಮೇಲೆ ಬಟ್ಟಲು, ತಲೆಯ ಹಿಂದಕ್ಕೆ ಪಟ್ಟಿ, ರಾತ್ರಿಯಿಡೀ ಅದು ಮೆತ್ತಗೆ ಗಾಳಿ ಒತ್ತಿ ಕಳಿಸುತ್ತಿರುತ್ತದೆ. ಅದು ಬಂದ ಮೇಲೆ ತಲೆನೋವು ಹೋಯಿತು, ಹಗಲಲ್ಲಿ ತೂಕಡಿಕೆ ಹೋಯಿತು. ಜೊತೆಗೆ ಇನ್ನೊಂದೂ ಹೋಯಿತು. ಪರವೂರಲ್ಲಿ, ಮಂದಿಯ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು.

ಒಮ್ಮೆ ಮಾತ್ರ, ಬಂಧುಗಳ ಮದುವೆಯಲ್ಲಿ, ನಾಚಿಕೆಪಟ್ಟು ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮದುವೆಮನೆಯ ಹಾಲ್‌ನಲ್ಲಿ ಹದಿನೈದು ಹೆಂಗಸರ ನಡುವೆ ಮಲಗಿದವಳು ಉಸಿರುಗಟ್ಟಿ ಎದ್ದು ಕೂತೆ. ಎಲ್ಲ ಲೈಟು ಹತ್ತಿದವು. ಯಾರೋ ನೀರು ತಂದರು, ಯಾರೋ ಬೆನ್ನು ತಿಕ್ಕಿದರು, ಯಾರೋ ದೃಷ್ಟಿ ತೆಗೆದರು. ಆವತ್ತಿನಿಂದ ನಮ್ಮ ಮನೆಯವರದು ಒಂದೇ ಮಾತು: "ಮಷಿನ್ ಬಿಟ್ಟು ಒಂದ ರಾತ್ರಿನೂ ಬ್ಯಾಡ." ಮಂದಿಯ ಮುಂದೆ ಅದನ್ನು ಮೂಗಿಗೆ ಕಟ್ಟಿಕೊಳ್ಳಲು ನನಗೆ ನಾಚಿಕೆ. ಅಂದಮೇಲೆ ಮದುವೆ, ಮುಂಜಿವೆ, ಯಾತ್ರೆ ಏನಿದ್ದರೂ ಬೆಳಿಗ್ಗೆ ಹೋಗಿ ಸಂಜೆಗೆ ನವನಗರದ ನಮ್ಮ ಮನೆಗೆ ಮರಳುವುದು. ಬಸ್ಸಿನ ಕಿಟಕಿಯಿಂದ ಕೆರೆಯೋ ಗುಡ್ಡವೋ ಕಂಡರೆ, ಇಲ್ಲಿ ಬೆಳಗಾಗುವುದನ್ನು ನಾನು ನೋಡುವುದಿಲ್ಲ ಎಂದು ಮನಸ್ಸಿಗೆ ತಾನಾಗಿಯೇ ಬರುತ್ತಿತ್ತು.

ಅದಕ್ಕೇ ಗಾಡಿ. ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿದ್ದ ನಮ್ಮ ಮನೆಯವರು ನಿವೃತ್ತರಾದ ಮರುತಿಂಗಳೇ ಹಳೆಯ ಶಾಲಾ ವ್ಯಾನೊಂದನ್ನು ತಂದು ಗೇಟಿನ ಮುಂದೆ ನಿಲ್ಲಿಸಿದರು. "ಮಂದಿ ಮನ್ಯಾಗ ಮಲಗೂದು ಬ್ಯಾಡ ಅಂತೀದಿ. ನಮ್ಮ ಮನೀನ ನಾವು ತಗೊಂಡು ಹೋಗೂಣು," ಎಂದರು. ಹಳದಿ ಬಣ್ಣ ಹೋಗಿ ಕೆನೆ ಬಣ್ಣ ಬಂತು. ಕಿಟಕಿಯ ರಬ್ಬರಿನ ಕೆಳಗೆ ಮಾತ್ರ ಈಗಲೂ ಒಂದು ಎಳೆ ಹಳದಿ ಇಣುಕುತ್ತದೆ. ಒಳಗೆ ಎರಡು ಮಂಚ, ಒಂದು ಪುಟ್ಟ ಕಟ್ಟೆ, ಒಲೆ, ನೀರಿನ ಡಬ್ಬಿ. ಗರಗ ಊರಿನ ಖಾದಿಯಲ್ಲಿ ಪರದೆ ನಾನೇ ಹೊಲಿದೆ. ಕಟ್ಟುವ ಕೆಲಸವೆಲ್ಲ ಹುಬ್ಬಳ್ಳಿಯ ಒಬ್ಬ ಮೇಸ್ತ್ರಿಯದು. ಕಾರ್ಖಾನೆಯ ಬಸ್ಸುಗಳ ಬಾಡಿ ರಿಪೇರಿಗೆ ಬರುತ್ತಿದ್ದ ದಿನಗಳಿಂದ ಇವರಿಗೆ ಪರಿಚಯ. ನಾವು ಅವರನ್ನು ಭಾಯಿ ಎನ್ನುತ್ತೇವೆ, ಅವರು ಇವರನ್ನು ಸಾಹೇಬ್ರು ಎನ್ನುತ್ತಾರೆ, ನನ್ನನ್ನು ಅಕ್ಕಾರ ಎನ್ನುತ್ತಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರಾದರೂ.

ದೊಡ್ಡ ಕೆಲಸವೆಲ್ಲ ಮುಗಿದು ಸೋಲಾರ್ ಒಂದು ಉಳಿದಿತ್ತು. ಊರ ಹೊರಗೆ, ಕರೆಂಟಿಲ್ಲದ ಕಡೆ ಗಾಡಿ ನಿಲ್ಲಿಸಿದರೆ ನನ್ನ ಯಂತ್ರ ರಾತ್ರಿಯಿಡೀ ನಡೆಯಬೇಕು. ಫ್ಯಾನು, ಲೈಟು ಆಮೇಲಿನ ಮಾತು. ಅಂಗಡಿಗೊಬ್ಬರು ಒಂದೊಂದು ಹೇಳಿದರು. ಒಬ್ಬರು ಗಾಜಿನ ಗಟ್ಟಿ ಪ್ಯಾನೆಲ್‌ಗಳನ್ನು ಗಾಡಿಯ ನೆತ್ತಿ ತುಂಬ ಹಾಕಿಬಿಡಿ ಎಂದರು. ಭಾಯಿ ತಲೆಯಾಡಿಸಿದರು: "ಅಷ್ಟು ವಜನ್ ಮ್ಯಾಲ ಹೇರಿದ್ರ ತಿರುವಿನ್ಯಾಗ ಗಾಡಿ ತೂರಾಡತೈತ್ರಿ." ಇನ್ನೊಬ್ಬರು ಹಪ್ಪಳದಂತೆ ಬಾಗುವ ತೆಳುವಾದ ಪ್ಯಾನೆಲ್ ತೋರಿಸಿದರು, ಹಗುರ, ನೆತ್ತಿಗೆ ಅಂಟಿಸಿದರೆ ಸಾಕು. ಆದರೆ ಅಂಟಿಸಿದ್ದು ಕೆಳಗಿನಿಂದ ಗಾಳಿಯಾಡದೆ ಬೇಗ ಕೆಡುತ್ತದೆಂದು ಇವರಿಗೆ ಅನುಮಾನ. ಮೂರನೆಯವರು ಪ್ಯಾನೆಲ್‌ನ ಗೋಜೇ ಬೇಡ, ದೊಡ್ಡ ಬ್ಯಾಟರಿಯೊಂದನ್ನು ಗಾಡಿಯ ಎಂಜಿನ್ನಿನಿಂದಲೇ ತುಂಬಿಸಿಕೊಳ್ಳಿ ಎಂದರು. ಎರಡು ದಿನ ಒಂದೇ ಕಡೆ ಸುಮ್ಮನೆ ಇರೋಣ ಎಂಬ ನಮ್ಮ ಆಸೆಗೆ ಅದು ಒಗ್ಗುವಂಥದ್ದಲ್ಲ.

ಕೊನೆಗೆ ಭಾಯಿಯ ಗುರುತಿನ ಅಂಗಡಿಯವರು ಒಂದು ಗಾಜಿನ ಪ್ಯಾನೆಲ್ಲನ್ನೂ ಒಂದು ಸಣ್ಣ ಬ್ಯಾಟರಿಯನ್ನೂ ನಾಲ್ಕು ದಿನಕ್ಕೆ ಕೊಟ್ಟರು. ಮನೆಯ ಮಾಳಿಗೆಯ ಮೇಲೆ ಇಟ್ಟು ನೋಡಿ, ಒಂದಕ್ಕೆ ನಿಮ್ಮ ಯಂತ್ರ ನಡೆದರೆ ಎರಡು ತೆಗೆದುಕೊಂಡು ನಿಶ್ಚಿಂತೆಯಾಗಿರಿ ಎಂದರು. ಈ ಮಾತು ನಮ್ಮ ಮನೆಯವರಿಗೆ ಹಿಡಿಸಿತು. ಪ್ಯಾನೆಲ್ ಮಾಳಿಗೆಗೆ ಹೋಯಿತು, ತಂತಿ ಮೆಟ್ಟಿಲ ಮೇಲಿಂದ ಕೆಳಗಿಳಿದು ಪಡಸಾಲೆಯ ಮೂಲೆಯ ಬ್ಯಾಟರಿಗೆ ಬಂತು. ಹಗಲೆಲ್ಲ ಬಿಸಿಲು ಕುಡಿಯುವುದು, ರಾತ್ರಿ ನನ್ನ ಯಂತ್ರವನ್ನೂ ಒಂದು ಸಣ್ಣ ಫ್ಯಾನನ್ನೂ ನಡೆಸುವುದು. ಮೊದಲ ರಾತ್ರಿ ನಡೆಯಿತು. ಎರಡನೆಯ ರಾತ್ರಿಯೂ ನಡೆಯಿತು, ಬೆಳಿಗ್ಗೆ ನೋಡಿದರೆ ಬ್ಯಾಟರಿಯಲ್ಲಿ ಜೀವ ಅಷ್ಟಕ್ಕಷ್ಟೇ. ಮೂರನೆಯ ರಾತ್ರಿ ನಿಂತಿತು.

ಸೂಸ್ಲಾ ತಿನ್ನುತ್ತ ಇವರು ತಟ್ಟೆಯನ್ನೇ ನೋಡುತ್ತಿದ್ದರು. "ಗದಗದ ಪಾರ್ಟಿ ಸಂಜೀಕ ಐದಕ್ಕ ಬರ್ತಾರಂತ," ಎಂದರು.

ಗಾಡಿ ಕೊಳ್ಳುವವರು ಯಾರೋ ನೋಡಲು ಬರಬಹುದೆಂದು ಹಿಂದಿನ ದಿನವೇ ಸೂಚನೆ ಕೊಟ್ಟಿದ್ದರು. ಅದಕ್ಕೇ ಗಾಡಿಯನ್ನು ಭಾಯಿಯ ಶೆಡ್ಡಿನಿಂದ ತಂದು ಮನೆಯ ಮುಂದೆ ನಿಲ್ಲಿಸಿದ್ದು. ನಾನು ಅದನ್ನು ಕೇಳಿಯೂ ಕೇಳದವಳಂತೆ ಇದ್ದೆ.

"ಕೊಟ್ಟ ಬಿಡ್ತೀರೇನ್ರಿ?" ಎಂದೆ.

"ಇಟಗೊಂಡು ಏನ್ಮಾಡೂದು? ಮೂರು ದಿನಾ ನೋಡಿದ್ವಿ. ಒಂದಕ್ಕ ಅರ್ಧಾನೂ ತುಂಬವಲ್ದು. ಎರಡು ಹಾಕಿದ್ರ ಮಳಿ ಮೋಡದ ದಿನ ಏನ್ ಗತಿ? ಕಾಡಿನ್ಯಾಗ ನಡರಾತ್ರಿ ನಿನ್ನ ಮಷಿನ್ ನಿಂತ್ರ ನಾ ಏನ್ ಮಾಡ್ಲಿ, ಬಾಯಿಲೆ ಗಾಳಿ ಊದ್ಲೇನು?"

ನಗಿಸಲು ಹೇಳಿದ್ದು. ನಾನೂ ನಕ್ಕೆ. ನನ್ನ ಮುಖ ನೋಡಿ ಇವರು ಮತ್ತೆ, "ಯಾಕ ಸಪ್ಪಗ ಆಗ್ತಿ? ತಪ್ಪು ನಿಂದಲ್ಲ, ಬಿಸಿಲಿಂದು," ಎಂದರು. ಆ ಮಾತೇ ನನ್ನನ್ನು ಹೆಚ್ಚು ನೋಯಿಸಿತು. ತಪ್ಪು ಬಿಸಿಲಿನದಾದರೂ ಕಾರಣ ನಾನೇ ಅಲ್ಲವೇ? ನನ್ನ ಉಸಿರು ಸರಿಯಿದ್ದಿದ್ದರೆ ಅವರು ಒಂದು ಚಾಪೆ ಸುತ್ತಿಕೊಂಡು ಎಲ್ಲಿಗೆ ಬೇಕಾದರೂ ಹೊರಡಬಹುದಿತ್ತು.

ಹತ್ತೂವರೆಗೆ ಭಾಯಿ ಬಂದರು. ಪ್ಯಾನೆಲ್, ಬ್ಯಾಟರಿ ಎರಡನ್ನೂ ಅಂಗಡಿಗೆ ಮರಳಿಸಲು ಒಯ್ಯುವುದಿತ್ತು. ಇಬ್ಬರೂ ಪಡಸಾಲೆಯಲ್ಲಿ ಕೂತು ಮೊಬೈಲಿನೊಳಗೆ ತಲೆ ಹಾಕಿದರು. ಪ್ಯಾನೆಲ್ಲಿನಿಂದ ಯಾವ ಹೊತ್ತಿಗೆ ಎಷ್ಟು ಕರೆಂಟು ಬಂತು ಎನ್ನುವುದನ್ನು ಮೊಬೈಲು ಗೀಟು ಎಳೆದು ತೋರಿಸುತ್ತಿತ್ತು. ಹಗಲೆಲ್ಲ ಭಾಯಿಯ ಶೆಡ್ಡಿನಲ್ಲಿ ಗಾಡಿಯ ಸಣ್ಣಪುಟ್ಟ ಕೆಲಸ ಮಾಡಿಸುತ್ತಿದ್ದ ಇವರು ದಿನಾ ಸಂಜೆ ಮನೆಗೆ ಬಂದು ಆ ಗೀಟನ್ನೇ ನೋಡುತ್ತ ಕೂರುತ್ತಿದ್ದರು. ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ, ಅದು ಅವರ ಕೆಲಸವೆಂದು.

"ನಿಮ್ಮ ಅಂಗಡಿಯಾಂವ ನಮಗ ಡ್ಯಾಮೇಜ್ ಮಾಲ್ ಕೊಟ್ಟಾನು ಅಂತೇನಿ," ಎಂದರು ಇವರು. "ಇಲ್ಲಾ ಅಂದ್ರ ನಮ್ಮ ಬಿಸಿಲಿಗೆ ಕಾಯ್ದು ಸುಸ್ತಾಗಾಕತ್ತೈತಿ. ನೋಡ್ರಿಲ್ಲೆ, ಮುಂಜಾನೆ ಛಲೋ ಏರತೈತಿ, ನಡು ಮಧ್ಯಾಹ್ನ ಬಿದ್ದ ಬಿಡತೈತಿ."

"ಕಾಯ್ದ್ರ ಸ್ವಲ್ಪ ಇಳೀತೈತ್ರಿ ಸಾಹೇಬ್ರ, ಖರೇ. ಆದ್ರ ಹಿಂಗ ಬುಡಕ್ಕ ಬೀಳೂದಿಲ್ಲ. ಏನರ ನೆಳ್ಳು ಬೀಳಾಕತ್ತೈತೇನು?"

"ಎಲ್ಲಿ ನೆಳ್ಳು? ನಮ್ಮ ಮಾಳಿಗಿ ಮ್ಯಾಲ ಕಾಗಿ ಕುಂತ್ರ ಕಾಗಿ ನೆಳ್ಳಷ್ಟ. ನಿಮ್ಮ ಮನಷ್ಯಾಗ ಫೋನ್ ಹಚ್ಚಿ ಮಾತಾಡ್ತೇನಿ ತಡೀರಿ. ಹಿಂಗ ಮೋಸಾ ಮಾಡ್ಬಾರದು."

ಭಾಯಿಯ ಮುಖ ಸಣ್ಣದಾಯಿತು. ಅವರೇ ಮಾತುಕೊಟ್ಟು ತಂದ ಮಾಲು.

ನಾನು ಚಹಾದ ಟ್ರೇ ಹಿಡಿದು ಬಂದೆ. ಹನ್ನೊಂದಾಗುತ್ತ ಬಂದಿತ್ತು. ಚಹಾ ಕೊಟ್ಟು ಹಾಗೇ ಮಾಳಿಗೆಗೆ ಹೋಗುವುದೆಂದು ಹೊದಿಕೆಯ ಬಟ್ಟೆಗಳನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದೆ. ಕಪ್ಪು ಕೊಡಲು ಬಗ್ಗಿದಾಗ ಮೊಬೈಲು ಕಣ್ಣಿಗೆ ಬಿತ್ತು. ಒಂಟೆಯ ಬೆನ್ನಿನಂಥ ಗೀಟು. ಬೆಳಿಗ್ಗೆ ಒಂದು ಡುಬ್ಬ, ಮಧ್ಯೆ ತಗ್ಗು, ಸಂಜೆಯ ಕಡೆಗೆ ಸಣ್ಣದೊಂದು ಡುಬ್ಬ.

"ಇದೇನ್ರಿ, ಕೆಳಗಿನ ಅಂಕಿ?" ಎಂದೆ.

"ತಾಸು. ಎಂಟು, ಒಂಬತ್ತು, ಹತ್ತು. ಇಲ್ಲಿ ಹನ್ನೊಂದಕ್ಕ ಧೊಪ್ಪಂತ ಬೀಳತೈತಿ. ಮೂರೂವರಿಗೆ ಮತ್ತ ಏಳತೈತಿ. ಮೂರೂ ದಿನಾ ಹಿಂಗ."

ಹನ್ನೊಂದು. ಮೂರೂವರೆ. ಆ ಎರಡು ಹೊತ್ತು ಯಾವುವೆಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಪಲ್ಯ ಒಲೆಯಿಂದ ಇಳಿಸಿ ನಾನು ಮಾಳಿಗೆ ಹತ್ತುವ ಹೊತ್ತು. ಮಧ್ಯಾಹ್ನದ ಚಹಾ ಕುಡಿದು ಮತ್ತೆ ಹತ್ತುವ ಹೊತ್ತು.

ಇಲ್ಲಿ ನನ್ನ ಒಂದು ರೂಢಿಯನ್ನು ಹೇಳಬೇಕು. ನಾನು ಕಲಿತದ್ದು ಕ್ರೈಸ್ತ ಸಿಸ್ಟರ್‌ಗಳ ಶಾಲೆಯಲ್ಲಿ. ಅಲ್ಲಿ ವಾರಕ್ಕೆರಡು ದಿನ ಹೊಲಿಗೆಯ ಪಾಠ. ನಮ್ಮ ಸಿಸ್ಟರ್‌ಗೆ ತೆರೆದಿಟ್ಟ ವಸ್ತು ಕಂಡರೆ ಆಗುತ್ತಿರಲಿಲ್ಲ. ಹಾರ್ಮೋನಿಯಂಗೆ ಹೊದಿಕೆ, ನೀರಿನ ಹೂಜಿಗೆ ಮಣಿ ಪೋಣಿಸಿದ ಜಾಳಿಗೆ, ನಕಾಶೆಯ ಕೋಲಿಗೂ ಒಂದು ಚೀಲ. ಯಾವುದನ್ನು ಪ್ರೀತಿಸುತ್ತೀರೋ ಅದನ್ನು ಧೂಳಿಗೆ ಬಿಡಬೇಡಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಿಕ್ಸರಿಗೆ, ಟಿವಿಗೆ, ಗ್ಯಾಸ್ ಸಿಲಿಂಡರಿಗೆ, ನನ್ನ ಉಸಿರಿನ ಯಂತ್ರಕ್ಕೆ ಎಲ್ಲಕ್ಕೂ ನಾನು ಹೊಲಿದ ಹೊದಿಕೆಗಳಿವೆ. ಪ್ಯಾನೆಲ್ ಬಂದ ದಿನ ಇವರೇ ಎಚ್ಚರಿಕೆ ಕೊಟ್ಟಿದ್ದರು: ಹಕ್ಕಿ ಒಂದೇ ಒಂದು ಕಡೆ ಹಿಕ್ಕೆ ಹಾಕಿದರೂ ಇಡೀ ಪ್ಯಾನೆಲ್ ಮಂಕಾಗುತ್ತದೆ, ಜೋಕೆ. ಆಗ ಮಾಳಿಗೆಯ ಮೇಲೆ ನನ್ನ ಸಂಡಿಗೆಯ ಕಾಲ. ಕಾಗೆಗಳೂ ಪಾರಿವಾಳಗಳೂ ನೆಂಟರಂತೆ ಬಂದು ಕೂರುತ್ತಿದ್ದವು. ಸಂಡಿಗೆಯ ಮೇಲೆ ಹೊಚ್ಚುವ ತೆಳು ಬಟ್ಟೆಯಲ್ಲೇ ಒಂದು ತುಂಡು ತೆಗೆದು, ಅಂಚು ಮಡಚಿ ಹೊಲಿದು, ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ ಪುಟ್ಟ ಜೇಬು ಮಾಡಿ ಒಳಗೆ ಒಂದೊಂದು ನುಣುಪು ಕಲ್ಲು ಇಟ್ಟು ಪ್ಯಾನೆಲ್ಲಿಗೂ ಒಂದು ಹೊದಿಕೆ ಮಾಡಿದ್ದೆ. ಹನ್ನೊಂದಕ್ಕೆ ಸಂಡಿಗೆಯ ಜೊತೆ ಅದಕ್ಕೂ ಹೊಚ್ಚುವುದು, ಮೂರೂವರೆಗೆ ಸಂಡಿಗೆ ತಿರುವಿ ಹಾಕುವಾಗ ಅದನ್ನೂ ತೆಗೆಯುವುದು. ಸಂಡಿಗೆ ಆ ಬಟ್ಟೆಯ ಕೆಳಗೆ ಎರಡೇ ದಿನದಲ್ಲಿ ಗರಿಗರಿಯಾಗುತ್ತದೆ. ಬಿಸಿಲು ಇಳಿಯುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಸಂಡಿಗೆಗೆ ಸಾಕಾದ ಬಿಸಿಲು ಪ್ಯಾನೆಲ್ಲಿಗೂ ಸಾಕು ಎಂದುಕೊಂಡಿದ್ದೆ. ಎಂದುಕೊಂಡಿದ್ದೆ ಎನ್ನುವುದೂ ದೊಡ್ಡ ಮಾತು; ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಕಿಟಕಿ ಹಾಕಿದ್ದನ್ನು ಯಾರಾದರೂ ಗಂಡನಿಗೆ ಹೇಳುತ್ತಾರೆಯೇ? ಹಾಗೆ ಇದನ್ನೂ ಹೇಳಿರಲಿಲ್ಲ.

ಟ್ರೇ ಹಿಡಿದು ನಿಂತಿದ್ದ ಆ ಅರ್ಧ ನಿಮಿಷದಲ್ಲಿ ನನ್ನ ಮನಸ್ಸು ಒಂದು ಸುಲಭದ ದಾರಿಯನ್ನೂ ತೋರಿಸಿತು. ಇವತ್ತು ಹೊದಿಕೆ ಹಾಕದೆ ಇದ್ದುಬಿಡು, ಇನ್ನೊಂದು ದಿನ ನೋಡೋಣ ಅಂತ ಹೇಳು, ತಾನಾಗಿಯೇ ಸರಿಯಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇವರು ಅಷ್ಟರಲ್ಲಿ ಮೊಬೈಲಿನಲ್ಲಿ ಅಂಗಡಿಯವರ ನಂಬರು ಹುಡುಕುತ್ತಿದ್ದರು. ಭಾಯಿ ಚಹಾದ ಕಪ್ಪನ್ನು ಮುಟ್ಟಿರಲಿಲ್ಲ.

"ಫೋನ್ ಹಚ್ಚಬ್ಯಾಡ್ರಿ," ಎಂದೆ. "ಅದು ನಾನ ರೀ."

"ಏನು ನೀನ?"

"ಆ ತಗ್ಗು." ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. "ದಿನಾ ಹನ್ನೊಂದಕ್ಕ ಪ್ಯಾನೆಲ್ ಮ್ಯಾಲ ನಾ ಈ ಬಟ್ಟಿ ಹೊಚ್ಚತೇನಿ. ಮೂರೂವರಿಗೆ ತಗೀತೇನಿ. ಹಕ್ಕಿ ಹೊಲಸು ಮಾಡಬಾರದಂತ ನೀವ ಹೇಳಿದ್ರಲ್ಲಾ..."

ಹೆಗಲಿನಿಂದ ಬಟ್ಟೆ ತೆಗೆದು ತೋರಿಸಿದೆ. ಮೂಲೆಯ ಕಲ್ಲೊಂದು ಸ್ಟೀಲಿನ ಟ್ರೇಗೆ ತಾಗಿ ಠಣ್ ಎಂದಿತು. ಇವರು ಬಟ್ಟೆ ನೋಡಿದರು, ಮೊಬೈಲು ನೋಡಿದರು, ಮತ್ತೆ ಬಟ್ಟೆ ನೋಡಿದರು.

ಮೊದಲು ನಕ್ಕದ್ದು ಭಾಯಿ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾ ಅಲ್ಲಾ! ಅಕ್ಕಾರ, ಮದುಮಗಳಿಗೆ ಸೆರಗು ಹೊಚ್ಚಿದಂಗ ಹೊಚ್ಚೀರಿ? ಪಾಪ, ಅದು ಮೂರು ದಿನಾ ನಾಚಿಕೊಂಡು ತಲಿ ತಗ್ಗಿಸಿ ಕುಂತಿತ್ತು. ಇವರು ಅದಕ್ಕ ಕೆಟ್ಟೈತಿ ಅಂತಾರ!"

"ತೆಳು ಬಟ್ಟಿ ಐತಲ್ರಿ ಭಾಯಿ, ಸಂಡಿಗಿ ಒಣಗತಾವಲ್ಲಾ..."

"ಸಂಡಿಗಿಗೆ ಬಿಸಿ ಸಾಕ್ರಿ ಅಕ್ಕಾರ. ಇದಕ್ಕ ಬೆಳಕು ಬೇಕು. ಸಂಡಿಗಿ ಗಾಳಿಗೂ ಒಣಗತೈತಿ, ಇದು ಗಾಳಿ ಕುಡಿಯೂದಿಲ್ಲ."

ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. "ಮೂವತ್ತ್ ವರ್ಷ ಮಷಿನ್ ಫಾಲ್ಟ್ ಹಿಡದೇನ್ರಿ ಭಾಯಿ," ಎಂದರು. "ನಮ್ಮ ಮನ್ಯಾಗಿನ ಫಾಲ್ಟ್ ಹಿಡಿಯಾಕ ಆಗ್ಲಿಲ್ಲ ನೋಡ್ರಿ."

"ಅದು ಯಾರ ಕಡಿಂದನೂ ಆಗೂದಿಲ್ರಿ ಸಾಹೇಬ್ರ. ನಮ್ಮ ಮನ್ಯಾಗೂ ಹಂಗ," ಎಂದು ಭಾಯಿ ಈಗ ಚಹಾ ಕುಡಿದರು. ಆರಿದ್ದ ಚಹಾ, ಬಿಸಿ ಮಾಡಿ ತರುತ್ತೇನೆಂದರೂ ಕೇಳದೆ ಒಂದೇ ಗುಟುಕಿಗೆ ಮುಗಿಸಿದರು.

ಮೂವರೂ ಮಾಳಿಗೆ ಹತ್ತಿದೆವು. ಪ್ಯಾನೆಲ್ ಬಿಸಿಲಿನಲ್ಲಿ ಕೆರೆಯ ನೀರಿನಂತೆ ಕಪ್ಪುನೀಲಿಯಾಗಿ ಮಲಗಿತ್ತು. ಇವರು ಅದರ ಮೇಲೆ ಆ ಬಟ್ಟೆ ಹೊಚ್ಚಿ ಮೊಬೈಲು ನೋಡಿದರು, ತೆಗೆದು ನೋಡಿದರು. ಮತ್ತೆ ಹೊಚ್ಚಿದರು, ಮತ್ತೆ ತೆಗೆದರು. ಅಂಕಿ ಧಡಕ್ಕನೆ ಬಿದ್ದು ಧಡಕ್ಕನೆ ಎದ್ದಿತು. "ಸಾಕ್ರಿ ಸಾಹೇಬ್ರ, ಇರೂ ಬಿಸಿಲಿನ್ಯಾಗ ಆಟಾ ಆಡಾಕತ್ತೀರಿ," ಎಂದು ಭಾಯಿಯೇ ಬಟ್ಟೆಯನ್ನು ಕೈಯಿಂದ ಇಸಿದುಕೊಂಡು ನನಗೆ ಕೊಟ್ಟರು. ಹಕ್ಕಿಯ ಹಿಕ್ಕೆ ಬಿದ್ದರೆ ಇದನ್ನೇ ಒದ್ದೆ ಮಾಡಿ ಒರೆಸಿದರಾಯಿತು ಎಂದರು.

ಭಾಯಿ ಅಂದು ಶೆಡ್ಡಿಗೆ ಹೋಗಲಿಲ್ಲ. ಬೆಳಿಗ್ಗೆ ಏನೂ ಇರದಿದ್ದ ಬ್ಯಾಟರಿ ಏರುವುದನ್ನು ನೋಡಲು ಇಬ್ಬರೂ ಪಡಸಾಲೆಯಲ್ಲೇ ಠಿಕಾಣಿ ಹೂಡಿದರು. ಹನ್ನೆರಡಕ್ಕೆ ಅರ್ಧ. ಒಂದು ಗಂಟೆಗೆ ಮುಕ್ಕಾಲಿನ ಹತ್ತಿರ. ನಾನು ರೊಟ್ಟಿ ಬಡಿಯುತ್ತಲೇ ಕಿವಿಯನ್ನು ಪಡಸಾಲೆಗೆ ಕೊಟ್ಟಿದ್ದೆ. ಒಂದು ರೊಟ್ಟಿ ಸೀದಿತು. ಊಟಕ್ಕೆ ಕೂತಾಗ ಮಾತೆಲ್ಲ ಗಾಡಿಯದೇ. ಒಂದೇ ಪ್ಯಾನೆಲ್ಲಿಗೆ ಇಷ್ಟಾದರೆ ಎರಡು ಧಾರಾಳ ಎಂದರು ಇವರು. ಎರಡನ್ನೂ ನೆತ್ತಿಯ ಮೇಲೆ ಹಾಕಿದರೆ ಭಾರವೂ ಅಲ್ಲ ಎಂದರು ಭಾಯಿ.

"ಆದ್ರ ಗಾಡಿ ಎಲ್ಲೆ ನಿಂದ್ರಸ್ತೀರಿ?" ಎಂದು ನಾನು ಕೇಳಿದೆ.

"ಎಲ್ಲರ ಒಂದ ಗಿಡದ ಕೆಳಗ," ಎಂದರು ಇವರು, ಮತ್ತು ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ಹಿಡಿದುಕೊಂಡರು.

ಬೇಸಿಗೆಯಲ್ಲಿ ನಮ್ಮ ಕಡೆ ಯಾರೂ ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸುವುದಿಲ್ಲ. ಮರದ ಕೆಳಗೆ ನಿಂತರೆ ನೆತ್ತಿಯ ಪ್ಯಾನೆಲ್ಲಿಗೆ ಎಲೆಗಳ ನೆರಳು, ನನ್ನ ಬಟ್ಟೆ ಮಾಡಿದ್ದನ್ನೇ ಅದೂ ಮಾಡುತ್ತದೆ. ಬಿಸಿಲಿನಲ್ಲಿ ನಿಂತರೆ ಒಳಗೆ ಕೂರುವ ನಾವೇ ಸಂಡಿಗೆ.

"ಒಂದು ಮ್ಯಾಲಿರ್ಲಿ," ಎಂದೆ. "ಇನ್ನೊಂದು ಬಿಚ್ಚಿ ಇಟಗೊಳ್ಳೂಣು. ಉದ್ದನ್ನ ವಾಯರ್ ಹಾಕಿ. ಗಾಡಿ ನೆಳ್ಳಾಗಿರ್ಲಿ, ಅದನ್ನಷ್ಟ ಬಿಸಿಲಾಗ ಇಡೂಣು. ಬಿಸಿಲು ಸರದಂಗ ನಾ ಸರಿಸ್ತೇನಿ. ಮುಂಜಾನಿಂದ ಸಂಜಿತನಾ ಅದ ಕೆಲಸಾನ ಮಾಡ್ತೇನಲ್ಲಾ ಮಾಳಿಗಿ ಮ್ಯಾಲ."

ಭಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಲೆಕ್ಕ ಹಾಕಿದರು. "ಮಸ್ತ್ ಆಗತೈತ್ರಿ. ಹಿಂದ ಫೋಟೋಕ್ಕ ಇರೂವಂಥಾ ಕಾಲು ಕೂಡಿಸಿ ಕೊಡ್ತೇನಿ, ಬೇಕಾದ ಕಡೆ ಒರಗಿಸಿ ನಿಂದರಸಬಹುದು. ವಾಯರ್ ದಪ್ಪಂದು ಹಾಕ್ತೇನಿ, ತೆಳು ಹಾಕಿದ್ರ ದಾರ್ಯಾಗ ಕರೆಂಟ್ ಸೋರತೈತಿ." ಇವರ ಕಡೆ ತಿರುಗಿ, "ಸಾಹೇಬ್ರ, ನಾಕು ಅಂಗಡಿ ತಿರಗಿದ್ವಿ. ಒಬ್ಬರರ ಗಿಡದ ಮಾತು ತಗದ್ರೇನು?" ಎಂದರು.

ಇವರು ನನ್ನ ತಟ್ಟೆಗೆ ಚಟ್ನಿಪುಡಿ ಹಾಕಿದರು. ನಾನು ಕೇಳಿರಲಿಲ್ಲ.

ಎರಡೂವರೆ ದಾಟಿದ ಮೇಲೆ ಬ್ಯಾಟರಿ ತುಂಬಿತು. ಪೂರ್ತಿ. ಇವರು ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದು ತೋರಿಸಿದರು. ಅಳು ಬಂದುಬಿಡುತ್ತದೆಂದು ಹೆದರಿ ಮುಖ ತಿರುಗಿಸಿ ತಾಟು ಎತ್ತತೊಡಗಿದೆ.

"ಅವು ಬಿಡು," ಎಂದರು ಇವರು. "ಹೋಗಿ ಮಲಕ್ಕೋ."

"ಈಗ?"

"ಗಾಡ್ಯಾಗ. ಮುಂಜಾನೆ ನಿನಗ ನಿದ್ದಿ ಆಗಿಲ್ಲ. ಬ್ಯಾಟರಿ ಒಳಗ ಹಚ್ಚಿಕೊಡ್ತೇವಿ. ಹೆಂಗ ನಡೀತೈತಿ ನೋಡಿ ಬಿಡೂಣು."

ಇಬ್ಬರೂ ಸೇರಿ ಬ್ಯಾಟರಿಯನ್ನು ಮಗುವಿನ ತೊಟ್ಟಿಲಿನಂತೆ ಹುಷಾರಾಗಿ ಎತ್ತಿಕೊಂಡು ಹೋದರು. ನಾನು ಯಂತ್ರವನ್ನೂ ಆರಿದ ಕೊಳವೆಯನ್ನೂ ಹಿಡಿದು ಹಿಂದೆ ಹೋದೆ. ಹಾಡಹಗಲು, ಓಣಿಯಲ್ಲಿ, ಸ್ವಂತ ಮನೆಯ ಗೇಟಿನ ಮುಂದೆ ನಿಂತ ಗಾಡಿಯಲ್ಲಿ ಮಲಗುವುದೆಂದರೆ ನಗು ಬರುವಂಥದ್ದೇ. ಪರದೆ ಎಳೆದೆ. ಮೂಗಿಗೆ ಬಟ್ಟಲು ಏರಿಸಿ ಗುಂಡಿ ಒತ್ತಿದೆ. ಯಂತ್ರ ಒಂದು ಕ್ಷಣ ಯೋಚಿಸಿ, ಮೆತ್ತಗೆ ಉಸಿರಾಡತೊಡಗಿತು. ಹೊಸ ಹಲಗೆಯ ವಾಸನೆ, ಬಣ್ಣದ ವಾಸನೆ. ಹೊರಗೆ ಎಲ್ಲೋ ಕುಕ್ಕರಿನ ಸೀಟಿ, ತರಕಾರಿ ಗಾಡಿಯವನ ಕೂಗು. ಗೋಡೆಯ ಕರೆಂಟಿನ ಹಂಗಿಲ್ಲದೆ, ನನ್ನ ಮಾಳಿಗೆಯ ಬಿಸಿಲಿನಿಂದಲೇ ಈ ಗಾಳಿ ಬರುತ್ತಿದೆ ಎಂದುಕೊಂಡೆ. ಅದರ ಮುಂದಿನದು ನೆನಪಿಲ್ಲ.

ಎಚ್ಚರವಾದಾಗ ಪರದೆಯ ಮೇಲಿನ ಬೆಳಕು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಯಂತ್ರ ಇನ್ನೂ ಅದೇ ಲಯದಲ್ಲಿತ್ತು. ಹೊರಗೆ, ಗಾಡಿಯ ತಗಡಿಗೆ ಬೆನ್ನು ಕೊಟ್ಟು ಇವರು ಫೋನಿನಲ್ಲಿ ಮಾತನಾಡುತ್ತಿದ್ದರು. ದನಿ ತಗ್ಗಿಸಿದ್ದರು, ಆದರೆ ಇವರು ತಗ್ಗಿಸಿದ ದನಿಯೂ ಮೂರು ಮನೆಗೆ ಕೇಳುತ್ತದೆ.

"ಇಲ್ರಿ, ಕ್ಷಮಾ ಮಾಡ್ರಿ... ಹೊಂಟಿದ್ರೇನು? ಬರಬ್ಯಾಡ್ರಿ, ಸುಮ್ನ ತ್ರಾಸು... ಇಲ್ಲಿಲ್ಲ, ರೇಟಿನ ಮಾತಲ್ರಿ. ಗಾಡಿ ಕೊಡೂದಿಲ್ಲ ಅಂತ ಮಾಡೇವಿ... ಯಾಕಂದ್ರ... ಅದರಾಗ ಮಂದಿ ಮಲಗ್ಯಾರ್ರಿ."

ನಾನು ಬಟ್ಟಲೊಳಗೇ ನಕ್ಕೆ. ನಕ್ಕದ್ದಕ್ಕೆ ಗಾಳಿ ಬುಸ್ ಎಂದು ಪಕ್ಕದಿಂದ ಸೋರಿತು. ಆಮೇಲೆ ಇನ್ನೂ ಹತ್ತು ನಿಮಿಷ ಸುಮ್ಮನೆ ಮಲಗಿಯೇ ಇದ್ದೆ. ಏಳಬೇಕಾದ ಕಾರಣ ಯಾವುದೂ ಇರಲಿಲ್ಲ.

ಬಾಗಿಲು ಸರಿಸಿ ಇಳಿದಾಗ ಭಾಯಿ ಹೋಗಿದ್ದರು. ಅಂಗಡಿಯವರಿಗೆ ಎರಡು ಪ್ಯಾನೆಲ್ ಹೇಳಿಯೇ ಹೋದರಂತೆ. ಇವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಾಡಿಯ ಚಿತ್ರ ಬರೆದು, ಪಕ್ಕದಲ್ಲೊಂದು ಗಿಡ ಬರೆದು, ಗಿಡದಿಂದಾಚೆ ಒಂದು ಪ್ಯಾನೆಲ್ ಬರೆದು, ನಡುವೆ ತಂತಿಯ ಗೀಟು ಎಳೆಯುತ್ತಿದ್ದರು. "ಮೊದಲ ಸವದತ್ತಿ ಕಡೆ ಹೋಗೂಣೇನು? ಹಿನ್ನೀರಿನ ದಂಡಿಗೆ. ಎರಡು ರಾತ್ರಿ," ಎಂದರು ತಲೆ ಎತ್ತದೆ.

"ಮೂರು," ಎಂದೆ.

ಆಗಲೇ ಎದುರು ಮನೆಯ ಕಾಕು ತಮ್ಮ ಗೇಟಿಗೆ ಬಂದು ನಿಂತರು. ಎಪ್ಪತ್ತು ದಾಟಿದ ಹೆಂಗಸು. ಸಂಜೆ ಗೇಟಿನ ಮೇಲೆ ಎರಡೂ ಕೈ ಊರಿ ಓಣಿಯನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡುವುದು ಅವರ ಪದ್ಧತಿ. ಗಾಡಿಯಿಂದ ನಿದ್ದೆಗಣ್ಣಲ್ಲಿ ಇಳಿದ ನನ್ನನ್ನು, ಕೆದರಿದ ಕೂದಲನ್ನು, ಕೆನ್ನೆಯ ಮೇಲೆ ಮೂಡಿದ್ದ ಪಟ್ಟಿಯ ಗುರುತನ್ನು ಎಲ್ಲವನ್ನೂ ಸಾವಕಾಶ ನೋಡಿದರು.

"ಮಾರ್ತಾರ ಅಂದ್ರು, ಇಲ್ಲ ಏನು?" ಎಂದು ಕೇಳಿದರು.

"ಇಲ್ರಿ ಕಾಕು. ಹೋಗಾಕತ್ತೇವಿ. ಬರೂ ವಾರ."

"ಛಲೋ ಆತು ಬಿಡು," ಎಂದರು. ಆಮೇಲೆ ಒಳಗೆ ಹೋಗಲು ತಿರುಗಿದವರು ಅರ್ಧಕ್ಕೆ ನಿಂತು ಹೇಳಿದರು: "ಹೋಗೂ ಮುಂದ ಹಾಲಿನವಗ ಒಂದ್ ಮಾತು ಹೇಳಿ ಹೋಗವಾ. ಅಷ್ಟೂ ದಿನಾ ನಿಮ್ಮ ಹಾಲು ನಾನ ತಗೋತೇನಿ."